ಮೊದಲ ಸಲ ಕುದುರೆ ಸ್ಪರ್ಧೆ ನಡೆಸುತ್ತಿದ್ದೇವೆ, ಸುರಕ್ಷತೆಗೆ ಇನ್ನೇನು ಯೋಚಿಸಬೇಕು?

ನಿಮ್ಮ ಕ್ಲಬ್ ಮೊದಲ ಸಲ ಒಂದು ದಿನದ ಕುದುರೆ ಸ್ಪರ್ಧೆ ಇಟ್ಟುಕೊಂಡಿದೆ, ಸುಮಾರು 60 ಕುದುರೆಗಳು ಬರುತ್ತವೆ, ಆಂಬ್ಯುಲೆನ್ಸ್, ವಿಮೆ, ಸ್ಪರ್ಧೆ ನಡೆಯುವ ರಿಂಗಿನ ಬೇಲಿ ಎಲ್ಲ ಆಗಿದೆ, ಇನ್ನೇನು ಬಾಕಿ ಅಂತ ಕೇಳಿದ್ದೀರಿ. ನಾನು ಇಂಥ ಸ್ಪರ್ಧೆಗಳಲ್ಲಿ ಮೊದಲು ಗೇಟ್ ಕಾದಿದ್ದೇನೆ. ಆಮೇಲೆ ವಾರ್ಮ್-ಅಪ್ ಜಾಗದ, ಅಂದರೆ ರಿಂಗಿಗೆ ಹೋಗುವ ಮುಂಚೆ ಕುದುರೆಗಳಿಗೆ ಅಭ್ಯಾಸ ಮಾಡಿಸುವ ಕಡೆಯ, ಸ್ಟೀವರ್ಡ್ (ಮೇಲ್ವಿಚಾರಕ) ಆಗಿದ್ದೆ. ಈಗ ಕೆಲವು ವರ್ಷಗಳಿಂದ ಸುರಕ್ಷತೆಯ ಹೊಣೆ ನನ್ನದೇ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಿಮ್ಮ ಪಟ್ಟಿ ನೋಡಿದ ಕೂಡಲೇ ನನಗೆ ಅನ್ನಿಸಿದ್ದು ಇದು: ಅದರಲ್ಲಿ ಇರುವುದೆಲ್ಲ ರಿಂಗಿನ ಒಳಗಿನ ಮಾತು. ನಾನು ಕಣ್ಣಾರೆ ಕಂಡ ಅಪಘಾತಗಳಲ್ಲಿ ಜಾಸ್ತಿ ಆಗಿದ್ದು ರಿಂಗಿನ ಹೊರಗೆ. ಕುದುರೆಯನ್ನು ವಾಹನದಿಂದ ಇಳಿಸುವಾಗ, ವಾರ್ಮ್-ಅಪ್‌ನಲ್ಲಿ, ಲಾಯದ ಓಣಿಯಲ್ಲಿ, ಕುದುರೆಯೂ ಜನವೂ ಒಂದೇ ದಾರಿಯಲ್ಲಿ ನಡೆಯುವಾಗ. ರಿಂಗಿನಲ್ಲಿ ಒಂದೇ ಕುದುರೆ ಇರುತ್ತದೆ, ಎಲ್ಲರ ಕಣ್ಣೂ ಅದರ ಮೇಲೆ. ಹೊರಗೆ ಉಳಿದ 59 ಕುದುರೆಗಳಿರುತ್ತವೆ, ಅವುಗಳ ಕಡೆ ಯಾರೂ ನೋಡುತ್ತಿರುವುದಿಲ್ಲ.

ಮೊದಲ ಕೆಲಸ, ಮೈದಾನವನ್ನು ಒಮ್ಮೆ ಕುದುರೆಯ ಕಣ್ಣಿನಿಂದ ನೋಡುತ್ತಾ ನಡೆಯಿರಿ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಸುಮಾರು 350 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಸುತ್ತಲೂ ಅದಕ್ಕೆ ಕಾಣುತ್ತದೆ. ಹಣೆಯ ನೇರ ಮುಂದೆ ಸ್ವಲ್ಪ, ಬಾಲದ ಹಿಂದೆ ಸ್ವಲ್ಪ ಮಾತ್ರ ಕಾಣುವುದಿಲ್ಲ. ಹಾಗಾಗಿ ದೂರದಲ್ಲಿ ಗಾಳಿಗೆ ಪಟಪಟ ಅನ್ನುವ ಬ್ಯಾನರ್ ಅದಕ್ಕೆ ಗೊತ್ತಾಗುತ್ತದೆ, ಸದ್ದಿಲ್ಲದೆ ಹಿಂದೆ ಬಂದು ನಿಂತ ಮಗು ಗೊತ್ತಾಗುವುದಿಲ್ಲ. ಹೆದರಿದರೆ ಓಡುವುದು ಅದರ ಸ್ವಭಾವ. 500 ಕಿಲೋ ತೂಕದ ಪ್ರಾಣಿ ಓಡಲು ತೀರ್ಮಾನಿಸಿದ ಮೇಲೆ ಹಗ್ಗ ಹಿಡಿದವರ ಬಲ ಲೆಕ್ಕಕ್ಕೆ ಬರುವುದಿಲ್ಲ. ಬ್ಯಾನರ್, ಬಲೂನು, ಬಿಚ್ಚುವ ಕೊಡೆ, ಡ್ರೋನ್, ಜನರೇಟರ್, ಸ್ಪೀಕರ್ ಎಲ್ಲಿರುತ್ತವೆ ಅಂತ ನೋಡಿ. ಕುದುರೆ ನಡೆಯುವ ದಾರಿಗೆ ಹತ್ತಿರವಿದ್ದರೆ ಈಗಲೇ ಜಾಗ ಬದಲಿಸಿ. ಪಟಾಕಿ, ಡ್ರೋನ್ ಎರಡನ್ನೂ ನಾನು ಪೂರ್ತಿ ಬೇಡ ಅನ್ನುತ್ತೇನೆ.

ಆಮೇಲೆ ದಾರಿಗಳು. ವಾಹನ, ಕುದುರೆ, ಪ್ರೇಕ್ಷಕರು, ಈ ಮೂವರಿಗೂ ಬೇರೆ ಬೇರೆ ದಾರಿ ಇರಬೇಕು. ಎರಡು ದಾರಿ ಕೂಡುವ ಕಡೆಯಲ್ಲೆಲ್ಲ ಒಬ್ಬ ಮನುಷ್ಯ ನಿಲ್ಲಬೇಕು, ಸುಮ್ನೆ ಬೋರ್ಡ್ ಹಾಕಿದರೆ ಸಾಲದು. ವಾಹನಗಳು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಲಿ. ಹಿಂದಕ್ಕೆ ತೆಗೆಯುವ ಟ್ರೇಲರ್ ಇರುವ ಕಡೆ ಕುದುರೆ ನಡೆಸುವುದು ಬೇಡವೇ ಬೇಡ. ಕುದುರೆ ಇಳಿಸುವ ಜಾಗಕ್ಕೆ ಬೇಲಿ ಇರಲಿ, ಮುಚ್ಚುವ ಗೇಟ್ ಇರಲಿ.

ಈ ಗೇಟಿನ ವಿಷಯ ನಾನು ಕಷ್ಟಪಟ್ಟು ಕಲಿತದ್ದು. ಒಂದು ವರ್ಷ ಟ್ರೇಲರಿನಿಂದ ಇಳಿಸುವಾಗ ಒಂದು ಹೆಣ್ಣುಕುದುರೆ ಬೆದರಿ ಹಗ್ಗ ಕಿತ್ತುಕೊಂಡಿತು. ಗೇಟ್ ಕಾಯುವ ಹುಡುಗ ಊಟಕ್ಕೆ ಹೋಗಿದ್ದ. ಅವನ ಬದಲಿಗೆ ಒಬ್ಬರನ್ನು ನಿಲ್ಲಿಸುವುದು ನನ್ನ ಕೆಲಸವಾಗಿತ್ತು, ನಾನು ನಿಲ್ಲಿಸಿರಲಿಲ್ಲ. ಹಿಂದೆ ನಾಲ್ಕೈದು ಜನ ಕೂಗುತ್ತಾ ಓಡಿದರು. ಅದು ಇನ್ನೂ ಹೆದರಿ ನೇರ ರಸ್ತೆಗೆ ಹೋಯಿತು. ಬೈಕಿನಲ್ಲಿ ಬರುತ್ತಿದ್ದ ಒಬ್ಬರು ತಪ್ಪಿಸಲು ಹೋಗಿ ಬಿದ್ದರು, ಅವರ ಕೈ ಮುರಿಯಿತು. ಆಸ್ಪತ್ರೆಯ ಹೊರಗೆ ಕೂತಿದ್ದ ಅವರ ಹೆಂಡತಿಯ ಮುಖ ನನಗೆ ಇವತ್ತಿಗೂ ನೆನಪಿದೆ. ಅವರಿಗೂ ನಮ್ಮ ಸ್ಪರ್ಧೆಗೂ ಯಾವ ಸಂಬಂಧವೂ ಇರಲಿಲ್ಲ.

ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ ಇದೆ, ನೀವೂ ಇಟ್ಟುಕೊಳ್ಳಿ. ವಾಕಿ-ಟಾಕಿಯಲ್ಲಿ ಯಾರಾದರೂ "ಕುದುರೆ ಬಿಟ್ಟಿದೆ" ಅಂದರೆ ಮೊದಲು ರಸ್ತೆ ಕಡೆಯ ಗೇಟುಗಳೆಲ್ಲ ಮುಚ್ಚಬೇಕು. ಅನೌನ್ಸರ್ ಸಮಾಧಾನದ ದನಿಯಲ್ಲಿ ಒಂದೇ ಸಾಲು ಹೇಳುತ್ತಾರೆ. ಸವಾರಿಯಲ್ಲಿ ಇರುವವರೆಲ್ಲ ನಿಲ್ಲುತ್ತಾರೆ, ಕುದುರೆ ಮೇಲೆ ಹಿಡಿತ ತಪ್ಪುತ್ತದೆ ಅನ್ನಿಸಿದವರು ಇಳಿಯುತ್ತಾರೆ. ಯಾರೂ ಓಡುವುದಿಲ್ಲ, ಕೂಗುವುದಿಲ್ಲ. ಆ ಕುದುರೆಯನ್ನು ಬಲ್ಲವರೊಬ್ಬರು ಮೇವಿನ ಬಕೆಟ್ ಹಿಡಿದು, ಅದರ ಭುಜದ ಕಡೆಯಿಂದ ನಿಧಾನವಾಗಿ ಹತ್ತಿರ ಹೋಗುತ್ತಾರೆ. ಅಷ್ಟೇ. ಬೆಳಿಗ್ಗೆ ಒಂದು ಸಲ ಇದನ್ನು ನಿಜವಾಗಿ ಮಾಡಿ ನೋಡಿ. ಯಾವ ಗೇಟಿನ ಚಿಲಕ ಕೂರುವುದಿಲ್ಲ ಅನ್ನೋದು ಆಗಲೇ ಗೊತ್ತಾಗುವುದು. ಗೇಟ್ ಕಾಯುವವರ ಊಟದ ಸಮಯ, ಬದಲಿ ಯಾರು ಅನ್ನೋದನ್ನು ಹೆಸರು ಹಾಕಿ ಬರೆದಿಡಿ.

ಇನ್ನು ವಾರ್ಮ್-ಅಪ್ ಜಾಗ. ನನ್ನ ಮಟ್ಟಿಗೆ ಇಡೀ ಮೈದಾನದಲ್ಲಿ ಇದಕ್ಕಿಂತ ಅಪಾಯದ ಜಾಗ ಇಲ್ಲ. ಅನುಭವಿ ಸವಾರರು, ಪುಟ್ಟ ಮಕ್ಕಳು, ಮೊದಲ ಸಲ ಹೊರಗೆ ಬಂದ ಎಳೆ ಕುದುರೆಗಳು, ಎಲ್ಲರೂ ಒಂದೇ ಕಡೆ, ಎಲ್ಲರಿಗೂ ಗಡಿಬಿಡಿ. ಇಲ್ಲಿ ಪೂರ್ತಿ ಸಮಯ ಒಬ್ಬ ಸ್ಟೀವರ್ಡ್ ಇರಲೇಬೇಕು, ಅವರಿಗೆ ಬೇರೆ ಯಾವ ಕೆಲಸವನ್ನೂ ಕೊಡಬೇಡಿ. ಒಂದು ಹೊತ್ತಿಗೆ ಎಷ್ಟು ಕುದುರೆ ಅಂತ ಮೊದಲೇ ನಿಗದಿ ಮಾಡಿ, ಮಿಕ್ಕವರು ಹೊರಗೆ ಕಾಯಲಿ. ಎದುರುಬದುರಾದಾಗ ಎಡ ಭುಜಕ್ಕೆ ಎಡ ಭುಜ ಬರುವಂತೆ ದಾಟುವ ನಿಯಮವನ್ನು ಬೋರ್ಡಿನಲ್ಲೂ ಬರೆಯಿರಿ, ಬಾಯಲ್ಲೂ ಹೇಳಿ. ಅಭ್ಯಾಸದ ಜಂಪ್‌ಗಳಿಗೆ ಬಲಕ್ಕೆ ಕೆಂಪು, ಎಡಕ್ಕೆ ಬಿಳಿ ಬಾವುಟ ಕಟ್ಟಿ, ಒಂದೇ ದಿಕ್ಕಿನಿಂದ ಹಾರಲಿ. ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟಿದ್ದರೆ ಅದು ಒದೆಯುವ ಕುದುರೆ, ಹಸಿರು ಇದ್ದರೆ ಅನುಭವ ಇಲ್ಲದ್ದು. ಇದು ಸವಾರರಿಗೆ ಗೊತ್ತಿರುತ್ತದೆ, ನಿಮ್ಮ ಸ್ವಯಂಸೇವಕರಿಗೆ ಗೊತ್ತಿರುವುದಿಲ್ಲ. ಅವರಿಗೂ ತಿಳಿಸಿ.

ಆಂಬ್ಯುಲೆನ್ಸ್ ಆಗಿದೆ ಅಂದಿರಿ. ಒಳ್ಳೆಯದು. ಆದರೆ ಅದು ಒಬ್ಬರನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟ ಮೇಲೆ ಏನು? ಎರಡನೆಯದು ಇಲ್ಲದಿದ್ದರೆ ಸ್ಪರ್ಧೆ ನಿಲ್ಲಬೇಕು, ವಾರ್ಮ್-ಅಪ್ ಕೂಡ. ಇದನ್ನು ಆ ಕ್ಷಣದಲ್ಲಿ ಚರ್ಚೆ ಮಾಡಲು ಬಿಡಬೇಡಿ. ಬಹುಮಾನದ ಹೊತ್ತಾಗಿರುತ್ತದೆ, ಅತಿಥಿಗಳು ಕಾಯುತ್ತಿರುತ್ತಾರೆ, "ಇನ್ನು ಮೂರೇ ಕುದುರೆ, ಮುಗಿಸಿಬಿಡೋಣ" ಅಂತ ಯಾರಾದರೂ ಖಂಡಿತ ಹೇಳುತ್ತಾರೆ. ಆದ್ದರಿಂದ ನಿಲ್ಲಿಸುವ ಅಧಿಕಾರ ಒಬ್ಬರ ಕೈಯಲ್ಲಿ ಇರಲಿ. ಅವರ ಹೆಸರು ಎಲ್ಲರಿಗೂ ಗೊತ್ತಿರಲಿ. ಪ್ರಾಯೋಜಕರನ್ನು ನೋಡಿಕೊಳ್ಳುವವರೂ ಅವರೇ ಆಗುವುದು ಬೇಡ. ಇನ್ನೊಂದು ಮಾತು, ಧೂಳು ಏಳದಿರಲಿ ಅಂತ ನೀರು ಹೊಡೆದ ಮೇಲೆ ಆ ಆಂಬ್ಯುಲೆನ್ಸನ್ನೇ ಒಂದು ಸಲ ರಿಂಗಿನವರೆಗೆ ಓಡಿಸಿ ನೋಡಿ. ಚಕ್ರ ಹೂತುಹೋಗುವ ನೆಲ ಯಾವುದು, ಗೇಟ್ ಅಗಲ ಸಾಕಾ ಅನ್ನೋದು ಕಾಗದದಲ್ಲಿ ಕಾಣುವುದಿಲ್ಲ.

ಬಿದ್ದ ಸವಾರರ ಹತ್ತಿರ ಮೊದಲು ಹೋಗುವುದು ವೈದ್ಯಕೀಯ ತಂಡ. ಮಿಕ್ಕವರು ಕುದುರೆ ಹಿಡಿಯಬೇಕು. ಅಕ್ಕರೆಯಿಂದಲೇ ಎತ್ತಿ ಕೂರಿಸಲು ಹೋಗುತ್ತಾರೆ, ಹೆಲ್ಮೆಟ್ ಎಳೆಯುತ್ತಾರೆ. ಕುತ್ತಿಗೆಗೆ ಪೆಟ್ಟಾಗಿದ್ದರೆ ಅದೇ ದೊಡ್ಡ ಅನಾಹುತ. ತಲೆಗೆ ಪೆಟ್ಟು ಬಿದ್ದ ಅನುಮಾನವಿದ್ದರೆ ಆ ದಿನ ಮತ್ತೆ ಸವಾರಿ ಇಲ್ಲ. ಕೇಳಿದ್ದನ್ನೇ ಮತ್ತೆ ಕೇಳುವುದು, ತಲೆಸುತ್ತು, ವಾಂತಿ, ಬಿದ್ದದ್ದೇ ನೆನಪಿಲ್ಲದಿರುವುದು, ಇವೆಲ್ಲ ಲಕ್ಷಣಗಳು. "ನನಗೇನೂ ಆಗಿಲ್ಲ" ಅನ್ನುವ ಸವಾರರ ಮಾತನ್ನು ಇಲ್ಲಿ ನಂಬುವ ಹಾಗಿಲ್ಲ, ಅಪ್ಪ ಅಮ್ಮನ ಒತ್ತಾಯಕ್ಕೂ ಮಣಿಯುವ ಹಾಗಿಲ್ಲ. ಕುದುರೆ ಮೇಲೆ ಕೂತಿರುವಷ್ಟು ಹೊತ್ತೂ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ ಮಾಡಿ. ಅಂತರರಾಷ್ಟ್ರೀಯ ಅಶ್ವಕ್ರೀಡಾ ಸಂಸ್ಥೆಯಾದ ಎಫ್‌ಇಐ ಕುದುರೆಯ ನಡೆಯ ಪಳಗಿಕೆ ತೋರಿಸುವ ಡ್ರೆಸಾಜ್‌ನ ಹಿರಿಯ ಹಂತದಲ್ಲಿ ಉಳಿದಿದ್ದ, ಹೆಲ್ಮೆಟ್ ಬದಲು ಟಾಪ್ ಹ್ಯಾಟ್ ಅನ್ನುವ ಎತ್ತರದ ಟೋಪಿ ಹಾಕುವ ಪದ್ಧತಿಯನ್ನೂ 2021ರಿಂದ ನಿಲ್ಲಿಸಿತು. ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಮತ್ತೆ ಬಳಸಬಾರದು.

ಜಂಪಿಂಗ್ ಇದೆ ಅಂದುಕೊಳ್ಳುತ್ತೇನೆ. ಅಗಲದ ಜಂಪ್‌ಗಳಲ್ಲಿ ಹಿಂದಿನ ಕೋಲಿಗೆ ಒತ್ತಡ ಬಿದ್ದರೆ ಕಳಚುವ ಸೇಫ್ಟಿ ಕಪ್ (ಕೋಲನ್ನು ಹೊತ್ತಿರುವ ಹಿಡಿ) ಹಾಕಿಸಿ. ಕೋಲು ಇಲ್ಲದ ಖಾಲಿ ಕಪ್‌ಗಳನ್ನು ಕಂಬದಲ್ಲಿ ಬಿಡಬೇಡಿ, ಕುದುರೆಯ ಮೈ ಸೀಳುತ್ತವೆ. ಕಳಚದ ಅಡೆತಡೆ ಎಷ್ಟು ಅಪಾಯ ಅನ್ನೋದನ್ನು ಜನ ದೊಡ್ಡ ಬೆಲೆ ಕೊಟ್ಟು ಕಲಿತರು. 1999ರಲ್ಲಿ ಬ್ರಿಟನ್ನಿನಲ್ಲಿ ಡ್ರೆಸಾಜ್, ಕ್ರಾಸ್-ಕಂಟ್ರಿ (ಬಯಲಿನಲ್ಲಿ ಓಡುತ್ತಾ ಅಡೆತಡೆ ಹಾರುವುದು), ಜಂಪಿಂಗ್ ಮೂರೂ ಇರುವ ಈವೆಂಟಿಂಗ್ ಸ್ಪರ್ಧೆಗಳಲ್ಲಿ ಒಂದೇ ವರ್ಷ ಐವರು ಸವಾರರು ಸತ್ತರು. ಮುಂಗಾಲು ತಗುಲಿ ಕುದುರೆ ಪಲ್ಟಿ ಹೊಡೆದು ಸವಾರರ ಮೇಲೆಯೇ ಬೀಳುವ ಬಗೆಯ ಅಪಘಾತದ ಮೇಲೆ ಆಗ ಎಲ್ಲರ ಗಮನ ಹೋಯಿತು. ಪೆಟ್ಟು ಬಿದ್ದಾಗ ತಾವೇ ಮುರಿದು ಕೋಲನ್ನು ಕೆಳಗೆ ಬೀಳಿಸುವ ಪಿನ್‌ಗಳು ಕ್ರಾಸ್-ಕಂಟ್ರಿ ಜಂಪ್‌ಗಳಿಗೆ ಬಂದದ್ದು ಅದರ ನಂತರ.

ಕುದುರೆಗೂ ಅಷ್ಟೇ ತಯಾರಿ ಬೇಕು, ಅಲ್ವಾ. ಕರೆದರೆ ಬರುವ ಪಶುವೈದ್ಯರು ಬೇರೆ, ಮೈದಾನದಲ್ಲೇ ಇರುವವರು ಬೇರೆ. ನೀವು ಎರಡನೆಯವರನ್ನೇ ಗೊತ್ತು ಮಾಡಿ, ಅವರು ಕುದುರೆಗಳನ್ನು ಬಲ್ಲವರಾಗಿರಲಿ. ಬಿದ್ದ ಕುದುರೆಯನ್ನು ಸಾಗಿಸಲು ತಗ್ಗಾದ ಟ್ರೇಲರ್, ಜನರ ಕಣ್ಣಿಗೆ ಮರೆ ಮಾಡಲು ದೊಡ್ಡ ಪರದೆಗಳು, ಅವನ್ನು ಹಿಡಿಯಲು ಆರು ಜನ, ಇಷ್ಟು ಸಿದ್ಧವಿರಲಿ. ಕಾಲು ಮುರಿದು, ಉಳಿಸಲು ಆಗದ ಸ್ಥಿತಿಯೂ ಬರಬಹುದು. ಆ ತೀರ್ಮಾನ ಹೇಗೆ ಆಗುತ್ತದೆ, ಮಾಲೀಕರು ಸಿಗದಿದ್ದರೆ ಯಾರು ಒಪ್ಪಿಗೆ ಕೊಡುತ್ತಾರೆ ಅನ್ನೋದನ್ನು ಪ್ರವೇಶದ ಅರ್ಜಿಯಲ್ಲೇ ಬರೆಸಿಕೊಳ್ಳಿ. ಕೇಳಲು ಕಷ್ಟದ ಪ್ರಶ್ನೆ ಇದು. ಆದರೆ ಇದನ್ನು ಮೊದಲೇ ಕೇಳದಿದ್ದರೆ ಆ ಪ್ರಾಣಿ ನೋವಿನಲ್ಲಿ ಬಿದ್ದುಕೊಂಡು ನಮ್ಮ ಫೋನ್ ಕರೆಗಳಿಗಾಗಿ ಕಾಯಬೇಕಾಗುತ್ತದೆ. ಅದನ್ನು ಒಮ್ಮೆ ನೋಡಿದವರು ಮತ್ತೆ ಕೇಳದೆ ಬಿಡುವುದಿಲ್ಲ.

ರೋಗದ ವಿಷಯಕ್ಕೆ ಹೊಸಬರು ಕಡಿಮೆ ಗಮನ ಕೊಡುತ್ತಾರೆ. 2021ರ ಫೆಬ್ರವರಿಯಲ್ಲಿ ಸ್ಪೇನಿನ ವೆಲೆನ್ಸಿಯಾದ ಜಂಪಿಂಗ್ ಸ್ಪರ್ಧೆಯಲ್ಲಿ ಇಎಚ್‌ವಿ-1 ಅನ್ನುವ ಹರ್ಪಿಸ್ ವೈರಸ್ ಹರಡಿತು. ಅಲ್ಲಿಂದ ಊರಿಗೆ ಮರಳಿದ ಕುದುರೆಗಳ ಜೊತೆ ಬೇರೆ ದೇಶಗಳಿಗೂ ಹೋಯಿತು. 18 ಕುದುರೆಗಳು ಸತ್ತವು, ಯೂರೋಪಿನಲ್ಲಿ ವಾರಗಟ್ಟಲೆ ಅಂತರರಾಷ್ಟ್ರೀಯ ಸ್ಪರ್ಧೆಗಳು ನಿಂತವು. ಕುದುರೆಯ ಸಾಮಾನ್ಯ ಉಷ್ಣತೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಬರುವ ಮೊದಲ ಕೆಲವು ದಿನಗಳ ಉಷ್ಣತೆ ಬರೆದುಕೊಂಡು ಬರಲು ಹೇಳಿ. 38.5 ದಾಟಿದರೆ ಮನೆಯಲ್ಲೇ ಇರಲಿ. ಲಸಿಕೆ ದಾಖಲೆ ಗೇಟಿನಲ್ಲೇ ನೋಡಿ. ಎಲ್ಲ ಕುದುರೆಗಳೂ ಬಾಯಿ ಹಾಕುವ ದೊಡ್ಡ ನೀರಿನ ತೊಟ್ಟಿ ಬೇಡ. ನಲ್ಲಿ ಕೊಡಿ, ಬಕೆಟ್ ಅವರವರದೇ ತರಲಿ. ಪೈಪಿನ ತುದಿಯನ್ನು ಬಕೆಟಿನೊಳಗೆ ಮುಳುಗಿಸಬಾರದು. ಅನುಮಾನ ಬಂದ ಕುದುರೆಯನ್ನು ಬೇರೆ ಇಡಲು ದೂರದಲ್ಲಿ ಒಂದು ಲಾಯ ಖಾಲಿ ಇಡಿ.

ಲಾಯದಲ್ಲಿ ಬೆಂಕಿಯ ಭಯ. ಒಣಹುಲ್ಲು, ತಾತ್ಕಾಲಿಕ ವೈರಿಂಗ್, ಬೀಡಿ ಸಿಗರೇಟು, ಈ ಮೂರೂ ಒಂದೇ ಕಡೆ ಸೇರಬಾರದು. ಲಾಯದ ಓಣಿಯಲ್ಲಿ ಜೀನು, ಪೆಟ್ಟಿಗೆ, ಹುಲ್ಲಿನ ಕಟ್ಟು ಇಡಲು ಬಿಡಬೇಡಿ. ಪ್ರತಿ ಬಾಗಿಲಿಗೆ ಹಗ್ಗವೂ ತಲೆಪಟ್ಟಿಯೂ ನೇತುಹಾಕಿರಲಿ. ಹೆದರಿದ ಕುದುರೆ ಉರಿಯುವ ಲಾಯಕ್ಕೇ ವಾಪಸ್ ಓಡುವುದುಂಟು. ಹೊರಗೆ ತಂದದ್ದನ್ನು ಬೇಲಿ ಇರುವ ಕಡೆ ಕೂಡಿಹಾಕಲೇಬೇಕು.

ಬಿಸಿಲು ಜೋರಿದ್ದರೆ ಬೇಗ ಶುರು ಮಾಡಿ, ನಡುಹಗಲು ನಿಲ್ಲಿಸಿ. ಓಡಿ ಬಂದ ಕುದುರೆಯ ಮೈಮೇಲೆ ತಣ್ಣೀರು ಹಾಕಿದರೆ ಮಾಂಸಖಂಡ ಹಿಡಿದುಕೊಳ್ಳುತ್ತದೆ ಅನ್ನುವ ನಂಬಿಕೆ ಇನ್ನೂ ಇದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗಾಗಿ ನಡೆದ ಅಧ್ಯಯನಗಳು ಅದು ತಪ್ಪು ಅಂತ ತೋರಿಸಿದವು. ತಣ್ಣೀರನ್ನು ಇಡೀ ಮೈಗೆ ಧಾರಾಳವಾಗಿ ಸುರಿಯುತ್ತಲೇ ಇರಬೇಕು. ಗುಡುಗು ಮಿಂಚಿಗೆ ಸುಲಭದ ಲೆಕ್ಕ ಇದೆ: ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಎಲ್ಲ ನಿಲ್ಲಿಸಿ, ಕೊನೆಯ ಗುಡುಗು ಕೇಳಿದ 30 ನಿಮಿಷದ ನಂತರ ಮತ್ತೆ ಶುರು ಮಾಡಿ.

ಪ್ರೇಕ್ಷಕರ ನಾಯಿಗಳಿಗೆ ಹಗ್ಗ, ಮಕ್ಕಳಿಗೆ ಕೈ ತೊಳೆಯುವ ಜಾಗ, ಸ್ವಯಂಸೇವಕರಿಗೆ ನೆರಳು, ನೀರು, ಗಟ್ಟಿ ಷೂ. ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಳಿಗ್ಗೆ ಅರ್ಧ ಗಂಟೆ ಎಲ್ಲ ಸ್ವಯಂಸೇವಕರನ್ನೂ ಸೇರಿಸಿ, ಜಂಪ್ ನಂಬರ್ ಮತ್ತು ಗೇಟ್ ಗುರುತು ಹಾಕಿದ ನಕ್ಷೆ ಕೈಗೆ ಕೊಡಿ. ಒಂದು ನೋಟ್‌ಬುಕ್ಕನ್ನೂ ಇಡಿ. ಅಪಘಾತ ಆಗದೆ ಸ್ವಲ್ಪದರಲ್ಲಿ ತಪ್ಪಿದ್ದನ್ನೂ ಅದರಲ್ಲಿ ಬರೆಯಲಿ, ಮುಂದಿನ ವರ್ಷ ನೀವು ಮೊದಲು ತೆರೆಯುವುದು ಅದನ್ನೇ. ನಿಮ್ಮ ಮೈದಾನದ ನಕ್ಷೆ ಬರೆದಿದ್ದರೆ ಇಲ್ಲಿ ಹಾಕಿ. ಗೇಟುಗಳು ಎಲ್ಲಿವೆ, ಕುದುರೆ ಇಳಿಸುವ ಜಾಗ ರಸ್ತೆಗೆ ಎಷ್ಟು ಹತ್ತಿರ ಅಂತ ನಾನೂ ಒಂದು ಸಲ ನೋಡುತ್ತೇನೆ.