ಹೊಂಡದ ಹಾಳೆಗೆ ಯಾವ ಗಮ್ಮೂ ಬೇಡ

ರೋಣದ ಕಡೆ ಎರೆ ಹೊಲ, ಕೃಷಿಹೊಂಡಕ್ಕೆ ಹಾಸಿದ ಕಪ್ಪು ಹಾಳೆ ಜೋಡಣೆಯಲ್ಲಿ ಬಿಚ್ಚಿದೆ, ಯಾವ ಗಮ್ ಹಚ್ಚಲಿ, ಇಲ್ಲಾ ದಪ್ಪ ಹಾಳೆ ತರಲಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದು ನಾನೂ ಹುಬ್ಬಳ್ಳಿಯ ಪೈಪ್ ಅಂಗಡಿಗಳನ್ನು ಸುತ್ತಿದವನೇ. ಗಮ್ ಮರೆತುಬಿಡಿ.

ಅಂಗಡಿಯವರು ಕೊಡುವುದು ಪಿವಿಸಿ ಪೈಪ್ ಅಂಟಿಸುವ ಸಾಲ್ವೆಂಟ್, ಅಂದರೆ ಪ್ಲಾಸ್ಟಿಕ್ಕನ್ನೇ ಕರಗಿಸಿ ಜೋಡಿಸುವ ದ್ರವ. ಪಿವಿಸಿಯಲ್ಲಿ ಉದ್ದುದ್ದ ಅಣುಸರಪಳಿಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ, ಸಾಲ್ವೆಂಟ್ ನಡುವೆ ನುಗ್ಗಿ ಮೇಲ್ಮೈಯನ್ನು ಕರಗಿಸುತ್ತದೆ. ಎರಡೂ ಕಡೆಯ ಸರಪಳಿಗಳು ಹೆಣೆದುಕೊಂಡು, ಆರಿದ ಮೇಲೆ ಒಂದೇ ತುಂಡಾಗುತ್ತವೆ. ನಿಮ್ಮ ಹಾಳೆ ಪಾಲಿಥೀನ್. ಅದರ ಸರಪಳಿಗಳು ಒತ್ತೊತ್ತಾಗಿ ಹರಳುಗಟ್ಟಿ ಕೂತಿವೆ, ಮಾಮೂಲಿ ಉಷ್ಣತೆಯಲ್ಲಿ ಆ ಸಾಲ್ವೆಂಟ್ ಅವನ್ನು ಬಿಡಿಸಲಾರದು. ಹಚ್ಚಿದ್ದು ಮೇಲೆಮೇಲೆ ಒಣಗಿ ಹಿಡಿದಂತೆ ಕಾಣುತ್ತದೆ, ನೀರಿನ ಭಾರ ಬಿದ್ದಾಗ ಚಕ್ಕೆಯಾಗಿ ಏಳುತ್ತದೆ. ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಗಮ್ಮಿನ ಪೊರೆ ಕೂತ ಜಾಗದಲ್ಲಿ ಆಮೇಲೆ ಬಿಸಿ ಬೆಸುಗೆಯೂ ಹಿಡಿಯದು, ಆ ಪಟ್ಟಿಯನ್ನೇ ಕತ್ತರಿಸಿ ಒಗೆಯಬೇಕು. ಹಾಳೆ ಯಾವುದೆಂಬ ಅನುಮಾನವಿದ್ದರೆ ಚಿಕ್ಕ ತುಂಡನ್ನು ನೀರಿನಲ್ಲಿ ಅದ್ದಿ ಬಿಡಿ: ಪಾಲಿಥೀನ್ ತೇಲುತ್ತದೆ, ಪಿವಿಸಿ ಮುಳುಗುತ್ತದೆ.

ಜೋಡಿಸುವುದು ಬಿಸಿ ಗಾಳಿ ಗನ್ನಿನಿಂದಲೇ. ಹಾಳೆಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಚಾಪೆಯಂತೆ ನೇಯ್ದ ಪಟ್ಟಿಗಳು ಕಂಡರೆ ಅದು ಲ್ಯಾಮಿನೇಟ್ ಹಾಳೆ. ಒಳಗಿನ ಪಟ್ಟಿ ಎಚ್‌ಡಿಪಿಇ, ಅಂದರೆ ಗಟ್ಟಿ ಜಾತಿಯ ಪಾಲಿಥೀನ್, ಸುಮಾರು 130 ಡಿಗ್ರಿಗೆ ಕರಗುತ್ತದೆ. ಮೇಲಿನ ಲೇಪ ಎಲ್‌ಡಿಪಿಇ, ಅಂದರೆ ಮೆತ್ತನೆ ಜಾತಿಯದು, ಸುಮಾರು 110ಕ್ಕೇ ಕರಗುತ್ತದೆ, ಅದರ ಸರಪಳಿಗಳಲ್ಲಿ ಕವಲುಗಳು ಹೆಚ್ಚಾದ್ದರಿಂದ ಬಿಗಿಯಾಗಿ ಕೂರುವುದಿಲ್ಲ. ನಿಮ್ಮ ಕೆಲಸವೆಲ್ಲ ಈ 20 ಡಿಗ್ರಿಯ ನಡುವೆ. ಲೇಪ ಮಾತ್ರ ಕರಗಬೇಕು. ಪಟ್ಟಿಯನ್ನು ಎಳೆದು ಸರಪಳಿಗಳನ್ನು ಸಾಲಾಗಿ ನಿಲ್ಲಿಸಿದ್ದರಿಂದಲೇ ಅದಕ್ಕೆ ಬಲ. ಬಿಸಿ ಹೆಚ್ಚಾದರೆ ಅವು ಮತ್ತೆ ಸುರುಳಿಯಾಗಿ ಪಟ್ಟಿ ಕುಗ್ಗುತ್ತದೆ, ಬೆಸುಗೆಯ ಪಕ್ಕವೇ ಹರಿಯುತ್ತದೆ. ಮಣ್ಣು, ತೇವ ಒರೆಸಿ, ಹಳೆ ಹಾಳೆಯಾದರೆ ಮರಳು ಕಾಗದದಿಂದ ಉಜ್ಜಿ. ತೇಪೆ ಹರಿದ ಜಾಗಕ್ಕಿಂತ ಸುತ್ತಲೂ 15 ಸೆಂ.ಮೀ. ಹೆಚ್ಚಿರಲಿ, ಮೂಲೆ ದುಂಡಗಿರಲಿ. ಗಾಳಿ ಮುಂದೆ, ರಬ್ಬರ್ ರೋಲರ್ ಅದರ ಬೆನ್ನಿಗೆ. ಮೊದಲು ಚೂರು ಹಾಳೆಯ ಮೇಲೆ ಮಾಡಿ, ತಣ್ಣಗಾದ ಮೇಲೆ ಎಳೆಯಿರಿ. ಬೆಸುಗೆ ಸುಲಿದು ಬಂದರೆ ಬಿಸಿ ಸಾಲದು. ಪಟ್ಟಿ ಮುದುಡಿದ್ದರೆ ಅತಿಯಾಯಿತು. ಹಾಳೆ ಹರಿದರೂ ಬೆಸುಗೆ ಬಿಡದಿದ್ದರೆ ಸರಿ.

ದಪ್ಪ ಹಾಳೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಜೋಡಣೆ ಬಿಚ್ಚಿದ್ದಕ್ಕೆ ದಪ್ಪ ಮದ್ದಲ್ಲ. 300ರ ಬದಲು 500 ಮೈಕ್ರಾನ್ (ಅರ್ಧ ಮಿ.ಮೀ.) ದಪ್ಪದ್ದು ತಂದು ಸೆಟೆದು ಹಾಸಿದರೆ ಅದೂ ಬಿಚ್ಚುತ್ತದೆ. ಪಾಲಿಥೀನ್ ಬಿಸಿಗೆ ಬಹಳ ಹಿಗ್ಗುತ್ತದೆ, 20 ಮೀಟರ್ ಹಾಳೆ 30 ಡಿಗ್ರಿ ತಣಿದರೆ ಸುಮಾರು 10 ಸೆಂ.ಮೀ. ಕುಗ್ಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಬಿಗಿಯಾಗಿ ಹಾಸಿದ್ದು ರಾತ್ರಿ ಜೋಡಣೆಯನ್ನೇ ಜಗ್ಗುತ್ತದೆ. ಎರೆಮಣ್ಣು ಬೇರೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಹಾಳೆಯನ್ನು ಒಳಕ್ಕೆ ಸೆಳೆಯುತ್ತದೆ. ಬಿರುಕುಗಳಿಗೆ ಮಣ್ಣು ತುಂಬಿ ತುಳಿಸಿ, ಕೂಳೆ, ಕಲ್ಲು ಆರಿಸಿ, ಬೆಳಿಗ್ಗೆ ಸಡಿಲವಾಗಿ ಹಾಸಿ. ಅಂಚು ಹುಗಿಯುವ ಕಾಲುವೆ 45 ಸೆಂ.ಮೀ. ಆಳವಿರಲಿ, ಆದರೆ ಹೊಂಡಕ್ಕೆ ಸ್ವಲ್ಪ ನೀರು ಬಿಟ್ಟು ಹಾಳೆ ತಳಕ್ಕೆ ಕೂತ ಮೇಲೆಯೇ ಅದನ್ನು ಮುಚ್ಚಿ.