ಅರವತ್ತರ ಹ್ಯಾಮ್ಲೆಟ್ ಬಗ್ಗೆ

ನಮಸ್ಕಾರ. ಶೇಕ್ಸ್‌ಪಿಯರ್ ನಾಟಕ ಆಧರಿಸಿದ 1913ರ ಹ್ಯಾಮ್ಲೆಟ್ ಮೂಕಿಚಿತ್ರದಲ್ಲಿ ರಾಜಕುಮಾರನಿಗೆ ಇಷ್ಟು ವಯಸ್ಸಾಗಿದೆ ಯಾಕೆ, ಆ ನಟ ಯಾರು ಅಂತ ಕೇಳಿದ್ದೀರಿ. ಅವರು ಜಾನ್‌ಸ್ಟನ್ ಫೋರ್ಬ್ಸ್-ರಾಬರ್ಟ್‌ಸನ್. ಹುಟ್ಟಿದ್ದು 1853ರಲ್ಲಿ, ಅಂದ್ರೆ ಚಿತ್ರೀಕರಣದ ಹೊತ್ತಿಗೆ 60 ವರ್ಷ.

ಮೊದಲು ಅವರು ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತರು. ಆಮೇಲೆ ರಂಗಭೂಮಿಗೆ ಬಂದು, ಹಿರಿಯ ನಟ ಸ್ಯಾಮ್ಯುಯೆಲ್ ಫೆಲ್ಪ್ಸ್ ಹತ್ತಿರ ಪಳಗಿದರು. ಹ್ಯಾಮ್ಲೆಟ್ ಪಾತ್ರ ಸಿಕ್ಕಿದ್ದು 1897ರಲ್ಲಿ, ಲೈಸಿಯಂ ಥಿಯೇಟರಿನಲ್ಲಿ. ಆಗಲೇ 44 ವರ್ಷ! ಆದರೂ ಆ ಕಾಲದ ಅತ್ಯುತ್ತಮ ಹ್ಯಾಮ್ಲೆಟ್ ಅಂತ ಹೆಸರಾದರು. ನಾಟಕಕಾರ ಬರ್ನಾರ್ಡ್ ಶಾ ತಮ್ಮ ‘ಸೀಸರ್ ಅಂಡ್ ಕ್ಲಿಯೋಪಾತ್ರ’ ನಾಟಕದ ಸೀಸರ್ ಪಾತ್ರವನ್ನು ಬರೆದದ್ದೇ ಇವರನ್ನು ಮನಸ್ಸಿನಲ್ಲಿಟ್ಟುಕೊಂಡು.

1913ರಲ್ಲಿ ಸರ್ ಪದವಿ ಬಂತು. ಅದೇ ವರ್ಷ ಲಂಡನ್ ರಂಗಭೂಮಿಗೆ ವಿದಾಯ ಹೇಳಿದರು. ಹೆಪ್‌ವರ್ತ್ ಎಂಬ ಬ್ರಿಟಿಷ್ ಸಿನಿಮಾ ಕಂಪನಿ ಈ ಚಿತ್ರ ತೆಗೆದದ್ದೂ ಆಗಲೇ. ಹ್ಯಾಮ್ಲೆಟ್ ಪ್ರೀತಿಸುವ ಒಫೀಲಿಯಾ ಆಗಿರುವವರು ಅವರ ಹೆಂಡತಿ ಗರ್ಟ್ರೂಡ್ ಎಲಿಯಟ್. ಕೋಟೆಯ ಸೆಟ್ ಹಾಕಿದ್ದು ಇಂಗ್ಲೆಂಡಿನ ಲಲ್‌ವರ್ತ್ ಕೋವ್ ಕಡಲತೀರದಲ್ಲಿ.

ಅವರ ದೊಡ್ಡ ಆಸ್ತಿ ಧ್ವನಿ. ಅದೇ ಇಲ್ಲಿಲ್ಲ, ನಿಜಕ್ಕೂ ಸಂಕಟವಾಗುತ್ತದೆ. ಆದರೆ ತುಟಿಗಳನ್ನು ಗಮನಿಸಿ, ಮಾತುಗಳನ್ನು ಪೂರ್ತಿ ಆಡುತ್ತಿದ್ದಾರೆ. ಕೈಯಾಡಿಸುವುದು ಕೂಡ ಜಾಸ್ತಿ ಇಲ್ಲ, ಎಷ್ಟು ಹಿತಮಿತ ಅಲ್ವಾ? ವಯಸ್ಸು ಮರೆತು ಇನ್ನೊಮ್ಮೆ ನೋಡಿ.