ಪ್ರತಿಕ್ರಿಯೆ: ಜಪ ಬಾಯಿಪಾಠ ಬಾರದ ಮಗನಿಗೆ ಪರಮಪ್ರಸಾದ

ಸೋಮವಾರಪೇಟೆಯ ಅಕ್ಕ, ಬುದ್ಧಿ ಬೆಳವಣಿಗೆ ನಿಧಾನವಿರುವ ಮಗನಿಗೆ ಜಪ ಬಾಯಿಪಾಠ ಬರುವುದಿಲ್ಲ, ಹಾಗಾಗಿ ಮೊದಲ ಪರಮಪ್ರಸಾದ (ಪೂಜೆಯಲ್ಲಿ ಯೇಸುವಿನ ಶರೀರವೆಂದು ಸ್ವೀಕರಿಸುವ ರೊಟ್ಟಿ) ಇಲ್ಲ ಎಂದು ಚರ್ಚಿನಲ್ಲಿ ಅಂದರು, ಇದು ಸರಿಯಾ ಎಂದು ಕೇಳಿದ್ದೀರಿ. ಸರಿಯಲ್ಲ.

ಪೋಪ್ 16ನೇ ಬೆನೆಡಿಕ್ಟ್ 2007ರಲ್ಲೇ ಬರೆದಿದ್ದಾರೆ: ಇಂಥವರಿಗೂ ಸಾಧ್ಯವಾದಾಗಲೆಲ್ಲ ಪರಮಪ್ರಸಾದ ಕೊಡಬೇಕು, ಜೊತೆಗಿರುವ ಮನೆಯವರ, ಸಭೆಯವರ ವಿಶ್ವಾಸದಲ್ಲೂ ಅವರು ಅದನ್ನು ಸ್ವೀಕರಿಸುತ್ತಾರೆ ಎಂದು. ಪೋಪರ ಆ ಮಾತನ್ನು ಪ್ರಿಂಟ್ ತೆಗೆದುಕೊಂಡು ಫಾದರ್ ಹತ್ತಿರ ಹೋಗಿ. ಸುಮ್ನೆ ಜಗಳ ಬೇಡ. ಪರಮಪ್ರಸಾದ ಸಾದಾ ರೊಟ್ಟಿಯಲ್ಲ ಎಂದು ಮಗ ಬಾಯಲ್ಲೇ ಹೇಳಬೇಕಿಲ್ಲ. ಕೈಮುಗಿದು, ಮೌನವಾಗಿ ನಿಂತು ತೋರಿಸಿದರೂ ಆಯಿತು. ಅಮೆರಿಕದ ಬಿಷಪರ ಮಾರ್ಗಸೂಚಿ ಇದನ್ನು ಒಪ್ಪುತ್ತದೆ. ಆಗಲೂ ಆಗದಿದ್ದರೆ ಮೈಸೂರು ಬಿಷಪರಿಗೆ ಬರೆಯಿರಿ, ಕೊಡಗು ಆ ಧರ್ಮಪ್ರಾಂತ್ಯಕ್ಕೇ ಸೇರಿದ್ದು ಅಲ್ವಾ?

ಇನ್ನು ಮಗ ಹೀಗಿರುವುದಕ್ಕೆ ‘ಯಾರ ಪಾಪವೋ’ ಎಂದ ನೆರೆಯವರಿಗೆ ಬೈಬಲಿನಲ್ಲಿ ಯೊವಾನ್ನನ ಶುಭಸಂದೇಶದ 9ನೇ ಅಧ್ಯಾಯ ಓದಲು ಹೇಳಿ. ಹುಟ್ಟುಕುರುಡನ ಬಗ್ಗೆ ಯೇಸು, ಪಾಪ ಅವನದೂ ಅಲ್ಲ, ಹೆತ್ತವರದೂ ಅಲ್ಲ ಅಂದಿದ್ದು ಅಲ್ಲೇ.